ಮೌರ್ಯರಾಗಿ ಶುರು ಮಾಡಿ ಮೊಘಲರಾಗಿ ಮುಗಿಸುವ ಆಟ: ಹಳೆಯ ಗೇಮ್ ಸರಣಿಗಳು ಎಷ್ಟು ಬದಲಾಗಬೇಕು?

2025ರ ಫೆಬ್ರವರಿಯಲ್ಲಿ ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಆಟ ಸಿವಿಲೈಜೇಶನ್ 7 ಬಂದಾಗ ನಮ್ಮ ಕಡೆಯ ಆಟಗಾರರು ಖುಷಿಪಡುವುದಕ್ಕೆ ಒಂದು ಒಳ್ಳೆಯ ಕಾರಣವಿತ್ತು. ಅಲ್ಲಿಯವರೆಗೆ ಈ ಸರಣಿಯಲ್ಲಿ ಭಾರತ ಅಂದರೆ ಒಂದೇ ನಾಗರಿಕತೆ, ಅದಕ್ಕೆ ನಾಯಕ ಹೆಚ್ಚಾಗಿ ಗಾಂಧೀಜಿ. ಈ ಸಲ ಮೌರ್ಯರು, ಚೋಳರು, ಮೊಘಲರು ಬೇರೆ ಬೇರೆಯಾಗಿ ಬಂದರು. ಅಶೋಕ ನಾಯಕನಾಗಿ ಬಂದ. ಆದರೆ ಆಡಲು ಕೂತ ಮೇಲೆ ಇನ್ನೊಂದು ವಿಷಯ ಗೊತ್ತಾಯಿತು. ಈ ಮೂರೂ ಒಂದೊಂದು ಯುಗಕ್ಕೆ ಕಟ್ಟಿಹಾಕಿದ ನಾಗರಿಕತೆಗಳು. ಮೌರ್ಯರಾಗಿ ಶುರು ಮಾಡುತ್ತೀರಿ, ಊರು ಕಟ್ಟುತ್ತೀರಿ, ಸೈನ್ಯ ಬೆಳೆಸುತ್ತೀರಿ, ಅಷ್ಟರಲ್ಲಿ ಪ್ರಾಚೀನ ಯುಗ ಮುಗಿಯುತ್ತದೆ, ಮೌರ್ಯರು ಇರುವುದಿಲ್ಲ. ಮುಂದಿನ ಯುಗಕ್ಕೆ ಚೋಳರಾಗಬಹುದು, ಅದರ ಮುಂದಿನದಕ್ಕೆ ಮೊಘಲರಾಗಬಹುದು. ನಾಯಕ ಮಾತ್ರ ಕೊನೆಯವರೆಗೂ ಅದೇ ಅಶೋಕ. ಅಶೋಕನ ಶಾಸನಗಳೇ ಚೋಳರನ್ನು ತನ್ನ ಗಡಿಯಾಚೆಯ ಜನ ಅಂತ ಹೆಸರಿಸುತ್ತವೆ. ಆಟದಲ್ಲಿ ಅವನೇ ಅವರ ರಾಜ.

ಇತಿಹಾಸ ಸರಿಯಿಲ್ಲ ಅನ್ನುವುದು ಇಲ್ಲಿ ದೊಡ್ಡ ದೂರಲ್ಲ. ಈ ಸರಣಿಯಲ್ಲಿ ಇತಿಹಾಸ ಯಾವತ್ತೂ ಸರಿಯಾಗಿ ಇರಲಿಲ್ಲ, ಅದೇ ಅದರ ಮಜಾ. ಆಜ್ಟೆಕ್ ಜನ ಚಂದ್ರನ ಮೇಲೆ ಇಳಿಯುತ್ತಾರೆ, ಗಾಂಧೀಜಿ ಟ್ಯಾಂಕ್ ಕಟ್ಟುತ್ತಾರೆ. ಆದರೆ 1991ರ ಮೊದಲ ಆಟದಿಂದಲೂ ಸಿವಿಲೈಜೇಶನ್ ಹೇಳಿಕೊಂಡು ಬಂದ ಮಾತು ಒಂದೇ: ಕಾಲದ ಪರೀಕ್ಷೆಯಲ್ಲಿ ನಿಲ್ಲುವಂಥ ಸಾಮ್ರಾಜ್ಯ ಕಟ್ಟಿ. ಕಲ್ಲಿನ ಕೊಡಲಿಯಿಂದ ಶುರುವಾದ ಜನ ರಾಕೆಟ್ ಹಾರಿಸುವವರೆಗೂ ಅದೇ ಜನವಾಗಿ ಉಳಿಯಬೇಕು, ಅವರನ್ನು ಅಲ್ಲಿಯವರೆಗೆ ಕರೆದುಕೊಂಡು ಹೋಗುವುದು ನಾನು. ಏಳನೆಯ ಆಟ ಮುರಿದದ್ದು ಇದನ್ನು.

ಪರಿಣಾಮ ಎಲ್ಲರಿಗೂ ಕಂಡಿತು. ಕಂಪ್ಯೂಟರ್ ಆಟ ಮಾರುವ ಸ್ಟೀಮ್ ತಾಣದಲ್ಲಿ ಆಟಗಾರರ ಅಭಿಪ್ರಾಯ ಅರ್ಧಕ್ಕರ್ಧ ಒಡೆಯಿತು. 2010ರ ಸಿವಿಲೈಜೇಶನ್ 5, 2016ರ ಸಿವಿಲೈಜೇಶನ್ 6 ಎರಡನ್ನೂ ಹೊಸದಕ್ಕಿಂತ ಜಾಸ್ತಿ ಜನ ಆಡುತ್ತಿದ್ದರು. ಮೂವತ್ತು ವರ್ಷ ದಾಟಿದ ಸರಣಿಯ ಹೊಸ ಆಟವನ್ನು ಅದರ ಹಳೆಯ ಆಟಗಳೇ ಸೋಲಿಸಿದವು.

ಇಂಥದ್ದು ಆದಾಗಲೆಲ್ಲ ಎರಡು ಬಗೆಯ ಮಾತು ಕೇಳಿಸುತ್ತದೆ. ಒಂದು, ಅಭಿಮಾನಿಗಳಿಗೆ ಹೊಸತು ಬೇಕು ಅಂತಾರೆ, ಕೊಟ್ಟರೆ ಬೈತಾರೆ. ಇನ್ನೊಂದು, ಚೆನ್ನಾಗಿ ನಡೆಯುತ್ತಿದ್ದದ್ದನ್ನು ಸುಮ್ನೆ ಯಾಕೆ ಮುಟ್ಟಬೇಕಿತ್ತು? ಎರಡೂ ಅರ್ಧ ಸತ್ಯ. ನನಗನ್ನಿಸುವುದು ಇಷ್ಟು: ಒಂದು ಸರಣಿ ಎಷ್ಟು ಬದಲಾಯಿತು ಅನ್ನುವ ಲೆಕ್ಕದಿಂದ ಏನೂ ಗೊತ್ತಾಗುವುದಿಲ್ಲ. ಜನ ಯಾವುದಕ್ಕೋಸ್ಕರ ಮತ್ತೆ ಮತ್ತೆ ಬರುತ್ತಾರೋ ಅದನ್ನು ಮುಟ್ಟಿದರಾ, ಅಥವಾ ಅದರ ಸುತ್ತ ಇರುವುದನ್ನು ಮುಟ್ಟಿದರಾ ಅಂತ ನೋಡಬೇಕು. ಸುತ್ತ ಇರುವುದನ್ನು ಪೂರ್ತಿ ಕೆಡವಿ ಕಟ್ಟಿದರೂ ಜನ ಕೈಬಿಡುವುದಿಲ್ಲ. ನಡುವಿನದ್ದನ್ನು ಸ್ವಲ್ಪ ಮುಟ್ಟಿದರೂ ಎದ್ದು ಹೋಗುತ್ತಾರೆ.

ಆಟ ಮಾಡಿದ ಫಿರಾಕ್ಸಿಸ್‌ನವರ ಕಡೆಯ ಮಾತನ್ನೂ ನ್ಯಾಯವಾಗಿ ಕೇಳಬೇಕು. ಅವರು ಗುರುತಿಸಿದ ಸಮಸ್ಯೆ ನಿಜವಾದದ್ದು. ಈ ಆಟವನ್ನು ಶುರು ಮಾಡುವವರಲ್ಲಿ ಬಹಳ ಜನ ಮುಗಿಸುವುದೇ ಇಲ್ಲ. ಮೊದಲ ನೂರು ಸರದಿ ಅದ್ಭುತವಾಗಿರುತ್ತದೆ. ಮುನ್ನೂರನೆಯ ಸರದಿಗೆ ಬರುವಾಗ ಇಪ್ಪತ್ತು ಊರುಗಳಿಗೆ ಒಂದೊಂದಾಗಿ ಏನು ಕಟ್ಟಬೇಕು ಅಂತ ಹೇಳುತ್ತಾ ಕೂರಬೇಕು, ಗೆಲ್ಲುವವರು ಯಾರು ಅಂತ ಅಷ್ಟರಲ್ಲಿ ಗೊತ್ತಾಗಿಹೋಗಿರುತ್ತದೆ. ಅದಕ್ಕೆ ಅವರು ಆಟವನ್ನು ಮೂರು ಯುಗವಾಗಿ ಕತ್ತರಿಸಿದರು. ಮೊದಲ ಎರಡು ಯುಗಗಳ ಕೊನೆಗೆ ಒಂದೊಂದು ಬಿಕ್ಕಟ್ಟು, ಆಮೇಲೆ ಎಲ್ಲರೂ ಹೆಚ್ಚುಕಡಿಮೆ ಒಂದೇ ಗೆರೆಯಿಂದ ಮತ್ತೆ ಓಟ. ಕಾಗದದ ಮೇಲೆ ಒಳ್ಳೆಯ ಉಪಾಯ. ಆದರೆ ಆಡುವವನಿಗೆ ಆಗಿದ್ದೇನು? ಯುಗ ಬದಲಾದಾಗ ನಡೆಯುತ್ತಿದ್ದ ಯುದ್ಧ ನಿಂತುಹೋಯಿತು, ದೊಡ್ಡ ಊರುಗಳು ಮತ್ತೆ ಸಣ್ಣ ಊರುಗಳಾದವು, ಸೈನ್ಯದ ಒಂದಷ್ಟು ಭಾಗ ಕಾಣೆಯಾಯಿತು, ಜೊತೆಗೆ ತಾನು ಯಾರು ಅನ್ನುವುದೂ ಬದಲಾಯಿತು. ಕೊನೆಯ ಭಾಗದ ಬೇಸರ ಕಳೆಯಲು ಹೋಗಿ ನಡುವೆ ಎರಡು ಸಲ ಎದ್ದುಹೋಗುವ ಅವಕಾಶ ಕೊಟ್ಟಂತಾಯಿತು.

ಈ ಸರಣಿಗೆ ಬದಲಾವಣೆ ಹೊಸದೇನಲ್ಲ ಅನ್ನುವುದು ಇನ್ನೂ ಮುಖ್ಯ. ಹಿಂದೆಲ್ಲ ಹೆಚ್ಚಾಗಿ ಪ್ರತಿ ಹೊಸ ಸಂಖ್ಯೆಗೆ ಒಬ್ಬ ಹೊಸ ಮುಖ್ಯ ವಿನ್ಯಾಸಕಾರ ಬರುತ್ತಿದ್ದರು: ಎರಡಕ್ಕೆ ಬ್ರಯನ್ ರೆನಾಲ್ಡ್ಸ್, ನಾಲ್ಕಕ್ಕೆ ಸೋರೆನ್ ಜಾನ್ಸನ್, ಐದಕ್ಕೆ ಜಾನ್ ಶೇಫರ್. ಮೂರನೇ ಒಂದು ಭಾಗ ಹಳೆಯದೇ ಇರಲಿ, ಮೂರನೇ ಒಂದು ಭಾಗ ಸುಧಾರಿಸಲಿ, ಉಳಿದ ಮೂರನೇ ಒಂದು ಭಾಗ ಪೂರ್ತಿ ಹೊಸದಾಗಲಿ ಅನ್ನುವ ಲೆಕ್ಕ ಸರಣಿ ಹುಟ್ಟುಹಾಕಿದ ಸಿಡ್ ಮೈಯರ್ ಹೆಸರಲ್ಲಿ ಪ್ರಸಿದ್ಧ. ಐದನೆಯ ಆಟ ಬಂದಾಗ ಚೌಕದ ಮನೆಗಳು ಹೋಗಿ ಆರು ಮೂಲೆಯ ಮನೆಗಳು ಬಂದವು. ಒಂದು ಮನೆಯಲ್ಲಿ ಹತ್ತಿಪ್ಪತ್ತು ಪಡೆ ಪೇರಿಸುವುದು ನಿಂತು ಒಂದು ಮನೆಗೆ ಒಂದೇ ಪಡೆ ಅಂತಾಯಿತು. ಯುದ್ಧ ಮಾಡುವ ರೀತಿಯೇ ತಲೆಕೆಳಗಾಯಿತು. ಆಗಲೂ ಜನ ಗೊಣಗಿದರು, ನಾಲ್ಕೇ ಚೆನ್ನಾಗಿತ್ತು ಅಂದರು. 2012 ಮತ್ತು 2013ರ ಎರಡು ವಿಸ್ತರಣೆಗಳು ಬಂದ ಮೇಲೆ ಅದೇ ಐದು ಎಷ್ಟೋ ಜನರ ಅಚ್ಚುಮೆಚ್ಚಿನ ಆಟವಾಯಿತು. ಯಾಕೆ? ಐದು ಬದಲಾಯಿಸಿದ್ದು ನಾನು ಹೇಗೆ ಹೋರಾಡುತ್ತೇನೆ ಅನ್ನುವುದನ್ನು. ಏಳು ಬದಲಾಯಿಸಿದ್ದು ನಾನು ಯಾರು ಅನ್ನುವುದನ್ನು. ಮೂರನೇ ಒಂದು ಭಾಗದ ಲೆಕ್ಕ ಎರಡರಲ್ಲೂ ಸರಿಯಾಗೇ ಬರಬಹುದು, ಆದರೆ ಬಿದ್ದ ಜಾಗ ಬೇರೆ.

ಬಿಡುಗಡೆಯಾದ ವರ್ಷ ಮುಗಿಯುವುದರೊಳಗೆ ಕಂಪನಿ ದಾರಿ ಬದಲಿಸಿತು. ಯುಗಗಳ ನಡುವೆ ಜಾಸ್ತಿ ವಿಷಯಗಳು ಮುಂದುವರಿಯುವ ಆಯ್ಕೆ ಕೊಟ್ಟಿತು, ಒಂದೇ ನಾಗರಿಕತೆಯನ್ನು ಮೊದಲಿಂದ ಕೊನೆಯವರೆಗೆ ಆಡುವ ದಾರಿಯನ್ನೂ ಪರೀಕ್ಷಿಸುತ್ತಿದ್ದೇವೆ ಅಂತ ಹೇಳಿತು. ಸರಿಯಾದ ನಿರ್ಧಾರ ಅನ್ನುವುದು ನನ್ನ ಅಭಿಪ್ರಾಯ. ಆದರೆ ಯುಗಗಳಿಗೆ ಅಂತಲೇ ಕಟ್ಟಿದ ಆಟದೊಳಗೆ ಹಳೆಯ ಆಟವನ್ನು ಮತ್ತೆ ಸೇರಿಸುವುದು ಹೊಸದಾಗಿ ಕಟ್ಟುವುದಕ್ಕಿಂತ ಕಷ್ಟದ ಕೆಲಸ.

ಈಗ ಪೂರ್ತಿ ಬೇರೆ ಜಾತಿಯ ಸರಣಿಯೊಂದನ್ನು ನೋಡೋಣ. ರೆಸಿಡೆಂಟ್ ಈವಿಲ್‌ನಷ್ಟು ಸಲ ಮೈ ಬದಲಾಯಿಸಿದ ಸರಣಿ ಸಿಗುವುದು ಅಪರೂಪ. 1996ರ ಮೊದಲ ಆಟದಲ್ಲಿ ಕ್ಯಾಮೆರಾ ಕೋಣೆಯ ಮೂಲೆಯಲ್ಲಿ ಕೂತಿರುತ್ತಿತ್ತು, ನಾವು ಬೇರೆ ಯಾರನ್ನೋ ನೋಡುತ್ತಿದ್ದಂತೆ ನಮ್ಮದೇ ಪಾತ್ರವನ್ನು ನಡೆಸಬೇಕಿತ್ತು. ಆಟವನ್ನು ಸೇವ್ ಮಾಡುವುದಕ್ಕೂ ಟೈಪ್‌ರೈಟರ್ ರಿಬ್ಬನ್ ಹುಡುಕಿಕೊಳ್ಳಬೇಕು. 2000ದ ಹೊತ್ತಿಗೆ ಇದು ಹಳಸಿತ್ತು. ನಾಲ್ಕನೆಯ ಆಟಕ್ಕಾಗಿ ಸರಣಿಯ ಕಂಪನಿ ಕ್ಯಾಪ್‌ಕಾಮ್ ಒಂದಾದ ಮೇಲೊಂದು ರೂಪ ಮಾಡಿ ಎಸೆಯಿತು. ಹಾಗೆ ಎಸೆದದ್ದರಲ್ಲಿ ಒಂದು ರೂಪವೇ ಡೆವಿಲ್ ಮೇ ಕ್ರೈ ಅನ್ನುವ ಬೇರೆ ಸರಣಿಯಾಯಿತು. ಕೊನೆಗೆ 2005ರಲ್ಲಿ ರೆಸಿಡೆಂಟ್ ಈವಿಲ್ 4 ಬಂದಾಗ ಕ್ಯಾಮೆರಾ ನಾಯಕನ ಹೆಗಲ ಹಿಂದೆ ಬಂದು ಕೂತಿತ್ತು. ಆಮೇಲೆ ಬಂದ ಗೇರ್ಸ್ ಆಫ್ ವಾರ್, ಡೆಡ್ ಸ್ಪೇಸ್ ಎಲ್ಲ ಆ ಹೆಗಲನ್ನೇ ಹಿಡಿದುಕೊಂಡವು.

ಅಷ್ಟು ದೊಡ್ಡ ಬದಲಾವಣೆಯನ್ನು ಜನ ಒಪ್ಪಿಕೊಂಡದ್ದು ಹೇಗೆ? ಆ ಆಟದಲ್ಲಿ ಗುರಿ ಇಡಬೇಕಾದರೆ ನಿಲ್ಲಬೇಕು. ನಡೆಯುತ್ತಾ ಗುಂಡು ಹೊಡೆಯುವಂತಿಲ್ಲ. ಎದುರಿಗೆ ಊರಿಗೆ ಊರೇ ಕೈಯಲ್ಲಿ ಮಚ್ಚು, ಕೊಡಲಿ ಹಿಡಿದು ಬರುತ್ತಿರುವಾಗ ನೀವು ಕಾಲು ಊರಿ ನಿಂತು, ಇರುವ ನಾಲ್ಕು ಗುಂಡಿನಲ್ಲಿ ಯಾವುದನ್ನು ಯಾರಿಗೆ ಅಂತ ಲೆಕ್ಕ ಹಾಕಬೇಕು. ಮೊದಲ ಆಟದ ಮಹಲಿನಲ್ಲಿ ಇದ್ದದ್ದೂ ಅದೇ ಹೆದರಿಕೆ: ಗುಂಡು ಕಡಿಮೆ, ಬಾಗಿಲು ಬೀಗ ಹಾಕಿದೆ, ಕಾರಿಡಾರಿನ ಆಚೆ ಏನೋ ಇದೆ. ಕ್ಯಾಮೆರಾ ಬದಲಾಯಿತು, ಕೊರತೆ ಬದಲಾಗಲಿಲ್ಲ.

2012ರ ಆರನೆಯ ಆಟ ತಪ್ಪಿದ್ದು ಇಲ್ಲೇ. ಲಿಯಾನ್‌ಗೆ ಒಂದು ಕಥೆ, ಕ್ರಿಸ್‌ಗೆ ಇನ್ನೊಂದು, ಜೇಕ್‌ಗೆ ಮತ್ತೊಂದು, ಏಡಾಗೆ ಇನ್ನೂ ಒಂದು. ಭಯ ಬೇಕಾದವರಿಗೆ ಭಯ, ಯುದ್ಧದ ಆಟ ಬೇಕಾದವರಿಗೆ ಬಾಂಬು ಬಂದೂಕು, ಎಲ್ಲರಿಗೂ ಒಂದೊಂದು ಪಾಲು. ಲಕ್ಷಗಟ್ಟಲೆ ಮಾರಾಟವಾಯಿತು, ಆದರೂ ಕ್ಯಾಪ್‌ಕಾಮ್ ಇಟ್ಟುಕೊಂಡಿದ್ದ ಗುರಿ ಮುಟ್ಟಲಿಲ್ಲ, ಅಭಿಮಾನಿಗಳಂತೂ ಬೇಸತ್ತರು. ಕ್ಯಾಮೆರಾ ಹಿಂದಿನದೇ ಇತ್ತು, ಗುರುತಿನ ಪಾತ್ರಗಳೇ ಇದ್ದರು. ಹೆದರಿಕೆ ಮಾತ್ರ ಹೋಗಿತ್ತು.

ಆಮೇಲೆ 2017ರಲ್ಲಿ ಬಂದ ಏಳನೆಯದರ ಧೈರ್ಯ ನೋಡಿ. ಹಳೆಯ ನಾಯಕರನ್ನು ಬದಿಗಿಟ್ಟರು. ಎಥಾನ್ ಅನ್ನುವ ಸಾಮಾನ್ಯ ಮನುಷ್ಯ, ಅವನ ಕಣ್ಣಿಂದಲೇ ನೋಡುವ ಆಟ. ಲೂಯಿಸಿಯಾನಾದ ಒಂದು ಮನೆ, ಅದರಲ್ಲಿ ಒಂದು ಕುಟುಂಬ. ಹೆಸರು ತೆಗೆದರೆ ಇದು ಅದೇ ಸರಣಿ ಅಂತ ಟ್ರೇಲರ್ ನೋಡಿದ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಒಳಗೆ ಹೋದರೆ ಬೀಗ ಹಾಕಿದ ಬಾಗಿಲುಗಳು, ವಿಚಿತ್ರ ಆಕಾರದ ಕೀಲಿಗಳು, ಉಸಿರು ಬಿಡಲು ಅಲ್ಲೊಂದು ಇಲ್ಲೊಂದು ಸಿಗುವ ಸುರಕ್ಷಿತ ಕೋಣೆ, ಎಣಿಸಿ ಬಳಸಬೇಕಾದ ಗುಂಡು. 1996ರ ಮಹಲನ್ನೇ ಬೇರೆ ಕಣ್ಣಿಂದ ತೋರಿಸಿದ್ದರು. ಮೊದಲಿಗೆ ನಿಧಾನವಾಗಿ ಮಾರಾಟವಾದರೂ ವರ್ಷಗಳಲ್ಲಿ 1 ಕೋಟಿ ಪ್ರತಿ ದಾಟಿತು. ಎರಡು ವರ್ಷದ ನಂತರ ಬಂದ ಎರಡನೆಯ ಆಟದ ಮರುರೂಪ ಹೆಗಲ ಕ್ಯಾಮೆರಾಗೆ ಮರಳಿತು, ಅದೂ ಗೆದ್ದಿತು. ಅಂದರೆ ಕ್ಯಾಮೆರಾ ಎಲ್ಲಿರಬೇಕು ಅನ್ನುವುದು ಈ ಸರಣಿಯಲ್ಲಿ ಯಾವತ್ತೂ ಮುಖ್ಯ ಪ್ರಶ್ನೆಯೇ ಆಗಿರಲಿಲ್ಲ. 2026ರ ರೆಕ್ವಿಯಮ್ ಅಂತೂ ಎರಡರಲ್ಲಿ ಯಾವುದು ಬೇಕೋ ನೀವೇ ಆರಿಸಿಕೊಳ್ಳಿ ಅಂತ ಬಿಟ್ಟುಬಿಟ್ಟಿದೆ.

ಹಾಗಾದರೆ ಏನೂ ಬದಲಾಗದ ಸರಣಿ ಬದುಕುವುದಿಲ್ಲವಾ? ಬದುಕುತ್ತದೆ, ಚೆನ್ನಾಗೇ ಬದುಕುತ್ತದೆ. ಕೌಂಟರ್-ಸ್ಟ್ರೈಕ್ ನೋಡಿ. 1999ರಲ್ಲಿ ಹಾಫ್-ಲೈಫ್ ಅನ್ನುವ ಆಟವನ್ನು ಇಬ್ಬರು ಹವ್ಯಾಸಿಗಳು ಮಾರ್ಪಡಿಸಿ ಮಾಡಿದ ಆಟ (ಮಾಡ್) ಅದು. ಐದು ಜನ ಆ ಕಡೆ, ಐದು ಜನ ಈ ಕಡೆ, ಒಂದು ಬಾಂಬು, ಸತ್ತರೆ ಆ ಸುತ್ತು ಮುಗಿಯುವವರೆಗೆ ಸುಮ್ಮನೆ ಕೂರಬೇಕು, ಗೆದ್ದ ದುಡ್ಡಿನಲ್ಲಿ ಮುಂದಿನ ಸುತ್ತಿಗೆ ಬಂದೂಕು. ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಅದರ 1.6 ಆವೃತ್ತಿ ಆಡಿದವರನ್ನು ಇವತ್ತು ಕೌಂಟರ್-ಸ್ಟ್ರೈಕ್ 2ರ ಮುಂದೆ ಕೂರಿಸಿದರೆ ಹತ್ತು ನಿಮಿಷದಲ್ಲಿ ದಾರಿ ಸಿಗುತ್ತದೆ. ಡಸ್ಟ್ 2 ಮ್ಯಾಪ್‌ನ ಲಾಂಗ್ ಎಲ್ಲಿ, ಮಿಡ್ ಎಲ್ಲಿ ಅಂತ ಕೈಗೇ ನೆನಪಿರುತ್ತದೆ. 2023ರ ಹೊಸ ಆವೃತ್ತಿಯಲ್ಲಿ ದೊಡ್ಡ ಸುದ್ದಿಯಾದದ್ದು ಏನು ಗೊತ್ತಾ? ಹೊಗೆ. ಸ್ಮೋಕ್ ಗ್ರೆನೇಡಿನ ಹೊಗೆ ಈಗ ಗುಂಡು ಹೊಡೆದರೆ ಸೀಳುತ್ತದೆ, ಬಾಗಿಲ ಸಂದಿಯಲ್ಲಿ ಹರಡುತ್ತದೆ. ಅಷ್ಟಕ್ಕೇ ವಾರಗಟ್ಟಲೆ ಚರ್ಚೆ. 2025ರಲ್ಲಿ ಒಂದೇ ಹೊತ್ತಿಗೆ 18 ಲಕ್ಷಕ್ಕೂ ಹೆಚ್ಚು ಜನ ಇದನ್ನು ಆಡುತ್ತಿದ್ದರು. ಕಬಡ್ಡಿಗೆ ಪ್ರತಿ ವರ್ಷ ಹೊಸ ನಿಯಮ ಬೇಕು ಅಂತ ಯಾರೂ ಕೇಳುವುದಿಲ್ಲ, ಎದುರಾಳಿಯೇ ಅದಕ್ಕೆ ಹೊಸತನ. ಮನುಷ್ಯರ ಎದುರು ಮನುಷ್ಯರು ಆಡುವ ಆಟಗಳಿಗೆ ಈ ಅನುಕೂಲ ಇದೆ. ಕಥೆಯ ಆಟಗಳಿಗೆ ಇಲ್ಲ.

ಇದನ್ನು ಮರೆತವರು ಬ್ಯಾಟಲ್‌ಫೀಲ್ಡ್ ಮಾಡುವವರು. ಆ ಸರಣಿಯಲ್ಲಿ ಸೈನಿಕರಿಗೆ ವರ್ಗಗಳಿವೆ. ಗಾಯಾಳುಗಳನ್ನು ಎಬ್ಬಿಸುವವನು ಒಬ್ಬ, ಟ್ಯಾಂಕ್ ರಿಪೇರಿ ಮಾಡುವವನು ಒಬ್ಬ, ದೂರದಿಂದ ಹೊಡೆಯುವವನು ಒಬ್ಬ. ಒಬ್ಬರಿಲ್ಲದೆ ಒಬ್ಬರಿಗೆ ಆಗುವುದಿಲ್ಲ, ಗುರುತಿಲ್ಲದವರೂ ತಂಡವಾಗುವುದು ಅದರಿಂದಲೇ. 2021ರ ಬ್ಯಾಟಲ್‌ಫೀಲ್ಡ್ 2042 ಇದನ್ನು ತೆಗೆದುಹಾಕಿ, ಹೆಸರು, ಮುಖ, ವಿಶೇಷ ಶಕ್ತಿ ಇರುವ ಪರಿಣತರನ್ನು ತಂದಿತು. ಆಗ ಬೇರೆ ಕಂಪನಿಗಳ ಹೀರೋ ಶೂಟರ್‌ಗಳು, ಅಂದರೆ ಇಂಥ ಪಾತ್ರಗಳ ಗುಂಡಿನ ಆಟಗಳು, ಚೆನ್ನಾಗಿ ನಡೆಯುತ್ತಿದ್ದವು. ಇವರು ಅದನ್ನು ನೋಡಿದರು. ಫಲಿತಾಂಶ ನೆಲಕಚ್ಚಿತು, ಆಮೇಲೆ ವರ್ಗಗಳನ್ನು ವಾಪಸ್ ತರಬೇಕಾಯಿತು. 2025ರ ಅಕ್ಟೋಬರ್‌ನಲ್ಲಿ ಬಂದ ಬ್ಯಾಟಲ್‌ಫೀಲ್ಡ್ 6 ಹಳೆಯ ನಾಲ್ಕು ವರ್ಗಗಳೊಂದಿಗೇ ಬಂತು. ಮೂರು ದಿನದಲ್ಲಿ 70 ಲಕ್ಷಕ್ಕೂ ಹೆಚ್ಚು ಪ್ರತಿ.

ಪಕ್ಕದ ಮನೆ ನೋಡಿ ಮಾಡುವ ಬದಲಾವಣೆಗೂ ತನ್ನ ಸಮಸ್ಯೆ ನೋಡಿ ಮಾಡುವ ಬದಲಾವಣೆಗೂ ಇಷ್ಟು ವ್ಯತ್ಯಾಸ. ಸಿವಿಲೈಜೇಶನ್ ಕನಿಷ್ಠ ತನ್ನ ಸಮಸ್ಯೆಯನ್ನು ನೋಡಿತು, ಮದ್ದು ತಪ್ಪಾಯಿತು ಅಷ್ಟೆ. 2042ಕ್ಕೆ ಆ ಸಮಾಧಾನವೂ ಇಲ್ಲ.

ಪಕ್ಕದ ಮನೆ ಯಾಕೆ ನೋಡುತ್ತಾರೆ ಅಂದರೆ ಅಲ್ಲಿ ದುಡ್ಡಿದೆ. ದೊಡ್ಡ ಆಟವೊಂದರ ಖರ್ಚು ಎಲ್ಲಿಗೆ ಹೋಗಿದೆ ಅನ್ನುವುದು 2023ರಲ್ಲಿ ಬ್ರಿಟನ್‌ನ ಸ್ಪರ್ಧಾ ನಿಯಂತ್ರಣ ಸಂಸ್ಥೆಯ ವರದಿಯಿಂದ ಸಾಮಾನ್ಯರಿಗೂ ಗೊತ್ತಾಯಿತು: 20 ಕೋಟಿ ಡಾಲರ್, ಕೆಲವಕ್ಕೆ ಅದಕ್ಕೂ ಜಾಸ್ತಿ. ಇಷ್ಟು ಹಾಕಿದ ಮೇಲೆ ಹಳೆಯ ಅಭಿಮಾನಿಗಳಷ್ಟೇ ಕೊಂಡರೆ ಸಾಲುವುದಿಲ್ಲ. ಹೊಸಬರು ಬೇಕು. ಹೊಸಬರು ಏನು ಆಡುತ್ತಿದ್ದಾರೋ ಅದರ ವಾಸನೆ ನಮ್ಮ ಆಟಕ್ಕೂ ಬರಬೇಕು. ಹಾಗೆ ಶುರುವಾಗುವ ಬದಲಾವಣೆಗೆ ವಿನ್ಯಾಸಕಾರರ ಬೇಸರವೂ ಕಾರಣವಲ್ಲ, ಆಟಗಾರರ ಬೇಡಿಕೆಯೂ ಕಾರಣವಲ್ಲ. ಲೆಕ್ಕಪತ್ರ ಕಾರಣ. ನಮ್ಮಲ್ಲಿ ಪ್ಲೇಸ್ಟೇಷನ್‌ನ ಹೊಸ ಆಟವೊಂದಕ್ಕೆ 5,000 ರೂಪಾಯಿ ಆಸುಪಾಸು ಕೊಡಬೇಕು. ಅಷ್ಟು ಕೊಡುವವನು ಸರಣಿಯ ಹೆಸರು ನೋಡಿ ಕೊಡುತ್ತಾನೆ, ಆ ಹೆಸರಿನಲ್ಲಿ ಒಂದು ಭರವಸೆ ಇದೆ ಅಂತ ನಂಬಿ ಕೊಡುತ್ತಾನೆ. ಆ ನಂಬಿಕೆಯನ್ನು ಹೊಸ ಗಿರಾಕಿಗಾಗಿ ಅಡವಿಡುವುದು ನನಗೆ ಸರಿ ಕಾಣುವುದಿಲ್ಲ.

ಆದರೆ ನನ್ನ ಈ ಮಾತಿಗೆ ಎದುರಾಗಿ ನಿಲ್ಲುವ ಒಂದು ದೊಡ್ಡ ಉದಾಹರಣೆ ಇದೆ. ಅಸಾಸಿನ್ಸ್ ಕ್ರೀಡ್.

2007ರಲ್ಲಿ ಬಂದ ಮೊದಲ ಆಟದ ಹೂರಣ ಸರಳ: ಜನರ ಗುಂಪಿನಲ್ಲಿ ಕರಗು, ಗೋಡೆ ಹತ್ತು, ಒಬ್ಬನೇ ಒಬ್ಬ ಗುರಿಯ ಹತ್ತಿರ ಹೋಗು, ತೋಳಿನಲ್ಲಿ ಅಡಗಿಸಿಟ್ಟ ಕತ್ತಿಯಿಂದ ಒಂದೇ ಏಟು. 2009ರಿಂದ 2015ರವರೆಗೆ ಪ್ರತಿ ವರ್ಷ ಒಂದು ದೊಡ್ಡ ಆಟ ಬಂತು, ಒಂದು ವರ್ಷವಂತೂ ಎರಡು. 2014ರ ಯೂನಿಟಿ ಎಷ್ಟು ಅರೆಬೆಂದಿತ್ತು ಅಂದರೆ ಪಾತ್ರಗಳ ಮುಖ ಮಾಯವಾಗಿ ಕಣ್ಣು, ಹಲ್ಲು ಮಾತ್ರ ಕಾಣುವ ಚಿತ್ರಗಳು ಎಲ್ಲ ಕಡೆ ಹರಿದಾಡಿದವು. ಆಟ ಮಾಡಿದ ಯೂಬಿಸಾಫ್ಟ್ ಕ್ಷಮೆ ಕೇಳಿತು. 2016ರಲ್ಲಿ ದೊಡ್ಡ ಆಟ ತರದೆ ಸುಮ್ಮನಾಯಿತು. (ಆ ವರ್ಷ ಬಂದ ಸಣ್ಣ ಆಟಗಳಲ್ಲಿ ಒಂದು ಸಿಖ್ ಸಾಮ್ರಾಜ್ಯದ ಕಾಲದ ಭಾರತದಲ್ಲಿ ನಡೆಯುತ್ತದೆ. ಬಣ್ಣ ಚೆನ್ನಾಗಿದೆ, ನಮ್ಮ ದೇಶಕ್ಕೆ ಅಷ್ಟೇ ಸಿಕ್ಕಿತಲ್ಲಾ ಅನ್ನುವ ಬೇಸರ ಮಾತ್ರ ಇನ್ನೂ ಹೋಗಿಲ್ಲ.) 2017ರಲ್ಲಿ ಈಜಿಪ್ಟಿನ ಒರಿಜಿನ್ಸ್ ಬಂದಾಗ ಅದು ಬೇರೆಯೇ ಆಟವಾಗಿತ್ತು. ದೊಡ್ಡ ಬಯಲು, ಹಂತಗಳು, ಬಗೆಬಗೆಯ ಆಯುಧ, ನೂರಾರು ಉಪಕಥೆ.

ಇಲ್ಲಿ ಒಂದು ವಿಚಿತ್ರ ಆಯಿತು. ಎದುರಾಳಿಯ ಹಂತ ನಿಮ್ಮದಕ್ಕಿಂತ ಮೇಲಿದ್ದರೆ ಆ ಅಡಗಿಸಿದ ಕತ್ತಿಯಿಂದ ಚುಚ್ಚಿದರೂ ಅವನು ಸಾಯುವುದಿಲ್ಲ. ಒಂದಷ್ಟು ಶಕ್ತಿ ಕಳೆದುಕೊಂಡು ತಿರುಗಿ ನಿಲ್ಲುತ್ತಾನೆ. ಆ ಸರಣಿಯ ನಡುಮಧ್ಯದ ಭರವಸೆ ಅಂದರೆ ಅದೇ ಒಂದು ಏಟು, ಅದನ್ನೇ ಅಂಕಿಸಂಖ್ಯೆಗೆ ಒಪ್ಪಿಸಿದ್ದರು. ನನ್ನ ವಾದದ ಪ್ರಕಾರ ಸರಣಿ ಬೀಳಬೇಕಿತ್ತು. ಬೀಳಲಿಲ್ಲ. 2018ರ ಒಡಿಸ್ಸಿ ಗೆದ್ದಿತು, 2020ರ ವಲ್ಹಾಲಾ 100 ಕೋಟಿ ಡಾಲರ್‌ಗೂ ಜಾಸ್ತಿ ಆದಾಯ ತಂದಿತು ಅಂತ ಕಂಪನಿಯೇ ಹೇಳಿಕೊಂಡಿತು.

ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಬಹಳಷ್ಟು ಜನ ಈ ಸರಣಿಗೆ ಬರುತ್ತಿದ್ದದ್ದು ಕತ್ತಿಗಾಗಿ ಅಲ್ಲ, ಹಳೆಯ ಲೋಕದಲ್ಲಿ ಓಡಾಡುವುದಕ್ಕೆ ಅಂತ ನನಗನ್ನಿಸುತ್ತದೆ. ಫ್ಲಾರೆನ್ಸಿನ ಛಾವಣಿ, ಅಲೆಕ್ಸಾಂಡ್ರಿಯಾದ ದೀಪಸ್ತಂಭ, ಅಥೆನ್ಸಿನ ಬೆಟ್ಟದ ಗುಡಿ. ಪುಸ್ತಕದಲ್ಲಿ ಓದಿದ ಊರಿನಲ್ಲಿ ನಡೆಯುವ ಸುಖ ಬೇರೆ ಎಲ್ಲೂ ಸಿಗುವುದಿಲ್ಲ, ಅದನ್ನು ಹೊಸ ರೂಪ ಇನ್ನೂ ಹೆಚ್ಚಿಸಿತು. ಅಂದರೆ ಒಂದೇ ಸರಣಿಗೆ ಎರಡು ನಡುಮಧ್ಯ ಇರಬಹುದು, ಎರಡು ಬಗೆಯ ಜನ ಎರಡು ಕಾರಣಕ್ಕೆ ಬರುತ್ತಿರಬಹುದು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ದುಡ್ಡು ಬರಬಹುದು, ಆದರೆ ಬಿಟ್ಟವರು ಸುಮ್ಮನಿರುವುದಿಲ್ಲ. ವಲ್ಹಾಲಾಗೆ ಒಂದೇ ಏಟಿಗೆ ಖಂಡಿತ ಸಾಯುವ ಆಯ್ಕೆಯನ್ನು ಸೇರಿಸಬೇಕಾಯಿತು. 2023ರ ಮಿರಾಜ್ ಹಳೆಯ ದಾರಿಗೆ ಮರಳಿ ಬಗ್ದಾದಿನ ಸಂತೆಯಲ್ಲಿ ಅಡಗುವ ಸಣ್ಣ ಆಟವಾಯಿತು. 2025ರ ಶ್ಯಾಡೋಸ್‌ನಲ್ಲೂ ಆ ಆಯ್ಕೆ ಇದೆ. ಹದಿನೆಂಟು ವರ್ಷದ ನಂತರವೂ ಸರಣಿ ತನ್ನ ಮೊದಲ ಕತ್ತಿಗೆ ಲೆಕ್ಕ ಒಪ್ಪಿಸುತ್ತಲೇ ಇದೆ.

ಬದಲಾವಣೆಯ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆ ಇದೆ, ಹೊಸತು ಅಂದರೆ ವೇಗ ಅನ್ನುವುದು. ಜಪಾನಿನ ಆಟಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಸರದಿಯ ಮೇಲೆ (ನೀವೊಂದು ಸಲ, ಎದುರಾಳಿ ಒಂದು ಸಲ) ಹೋರಾಡುವುದು ಹಳೆಯ ಕಾಲದ್ದು, ಇವತ್ತಿನ ಹುಡುಗರಿಗೆ ಅಷ್ಟು ತಾಳ್ಮೆ ಇಲ್ಲ ಅನ್ನುವ ಮಾತು ವರ್ಷಗಳಿಂದ ಇತ್ತು. ಡ್ರ್ಯಾಗನ್ ಕ್ವೆಸ್ಟ್ 9ನ್ನು ಮೊದಲು ಆಕ್ಷನ್ ಆಟವಾಗಿ ತೋರಿಸಿದಾಗ ಜಪಾನಿನ ಅಭಿಮಾನಿಗಳು ರೇಗಿದರು, ಕೊನೆಗೆ 2009ರಲ್ಲಿ ಅದು ಸರದಿಯ ಆಟವಾಗೇ ಬಂತು. ಫೈನಲ್ ಫ್ಯಾಂಟಸಿ ಬೇರೆ ದಾರಿ ಹಿಡಿದು 2023ರ ಹದಿನಾರನೆಯದಕ್ಕೆ ಪೂರ್ತಿ ಆಕ್ಷನ್ ಆಯಿತು. ಅಷ್ಟರಲ್ಲಿ ಯಾಕುಜಾ ಸರಣಿ ಎಲ್ಲರಿಗೂ ಉಲ್ಟಾ ಹೊರಟಿತ್ತು. 2005ರಿಂದ ಬೀದಿಜಗಳದ ಆಟವಾಗಿದ್ದದ್ದು 2020ರಲ್ಲಿ ಸರದಿಯ ಆಟವಾಯಿತು. ಅದೇ ಗೂಂಡಾಗಳು, ಅದೇ ಅತ್ತು ಕರೆಯುವ ಗೆಳೆತನ. ಜನ ಅದಕ್ಕಾಗಿಯೇ ಬರುತ್ತಿದ್ದರು, ಹೋರಾಟದ ರೀತಿ ಹೇಗಿದ್ದರೂ ನಡೆಯಿತು. 2023ರಲ್ಲಿ ಬಾಲ್ಡರ್ಸ್ ಗೇಟ್ 3, 2025ರಲ್ಲಿ ಫ್ರಾನ್ಸಿನ ಹೊಸ ತಂಡವೊಂದು ಮಾಡಿದ ಕ್ಲೇರ್ ಒಬ್ಸ್ಕ್ಯೂರ್, ಎರಡೂ ಸರದಿಯ ಆಟಗಳೇ, ಎರಡೂ ಆ ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಆಟ ಅನ್ನಿಸಿಕೊಂಡವು. ಯಾವುದನ್ನು ಹಳತು ಅಂತ ಎಸೆಯುತ್ತಿದ್ದರೋ ಅದನ್ನು ಎತ್ತಿಕೊಂಡವರು ಗೆದ್ದರು.

ಫುಟ್‌ಬಾಲ್ ಆಟಗಳ ಕಥೆ ಚಿಕ್ಕದು, ಆದರೆ ಹೇಳಲೇಬೇಕು. ಇಎ ಕಂಪನಿ 1993ರಿಂದ ಇದ್ದ ಫಿಫಾ ಹೆಸರನ್ನು 2023ರಲ್ಲಿ ಬಿಟ್ಟು ಎಫ್‌ಸಿ ಅಂತ ಇಟ್ಟುಕೊಂಡಿತು. ಹೆಸರು ಹೋಯಿತು, ಆಟ ಹಾಗೇ ಇತ್ತು, ಜನ ಹಾಗೇ ಆಡುತ್ತಿದ್ದಾರೆ. ಕೊನಾಮಿ 2021ರಲ್ಲಿ ಪ್ರೋ ಎವಲ್ಯೂಷನ್ ಸಾಕರ್ ಅನ್ನು ಈಫುಟ್‌ಬಾಲ್ ಮಾಡಿ, ಹೊಸ ಎಂಜಿನ್ ಹಾಕಿ, ಉಚಿತವಾಗಿ ಬಿಟ್ಟಿತು. ಒಂಬತ್ತೇ ತಂಡ, ಮಾಸ್ಟರ್ ಲೀಗ್ ಇಲ್ಲವೇ ಇಲ್ಲ. ನಮ್ಮ ಹಾಸ್ಟೆಲುಗಳಲ್ಲಿ ಒಂದು ತಲೆಮಾರು ರಾತ್ರಿಯಿಡೀ ಆಡಿದ್ದೇ ಆ ಮಾಸ್ಟರ್ ಲೀಗ್. ಯಾರಿಗೂ ಗೊತ್ತಿಲ್ಲದ ಹುಡುಗರ ತಂಡವನ್ನು ವರ್ಷ ವರ್ಷ ಬೆಳೆಸಿ ಚಾಂಪಿಯನ್ ಮಾಡುವುದು. ಕೊನಾಮಿ ಕ್ಷಮೆ ಕೇಳಿತು, ಆಟವನ್ನು ತಿಂಗಳುಗಟ್ಟಲೆ ಸರಿಮಾಡಿತು, ಆದರೆ ಆ ಜನ ಅಷ್ಟರಲ್ಲಿ ಚದುರಿಹೋಗಿದ್ದರು.

ಇನ್ನು ಎಲ್ಲರೂ ಕಾಯುತ್ತಿರುವುದು ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೋ) 6. ಈಗ ಹೇಳಿರುವ ದಿನ 2026ರ ನವೆಂಬರ್ 19. ಹಿಂದಿನದು ಬಂದದ್ದು 2013ರಲ್ಲಿ, 20 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಈ ಸರಣಿಯ ದೊಡ್ಡ ಬದಲಾವಣೆ 2001ರಲ್ಲೇ ಆಗಿಹೋಯಿತು. 1997ರಿಂದ ಮೇಲಿನಿಂದ ಕೆಳಕ್ಕೆ ನೋಡುವ ಆಟವಾಗಿದ್ದದ್ದು ಮೂರನೆಯದರಲ್ಲಿ ರಸ್ತೆಗೆ ಇಳಿಯಿತು. ಅಲ್ಲೂ ಅದೇ: ಕಾರು ಕದಿ, ಊರೆಲ್ಲ ತಿರುಗು, ಪೊಲೀಸರಿಂದ ತಪ್ಪಿಸಿಕೋ. ನೋಡುವ ಕೋನ ಬದಲಾಯಿತು, ಸ್ವಾತಂತ್ರ್ಯ ಉಳಿಯಿತು. ಇದನ್ನು ಮಾಡುವ ರಾಕ್‌ಸ್ಟಾರ್‌ಗೆ ಬೆಂಗಳೂರಿನಲ್ಲೂ ಸ್ಟುಡಿಯೋ ಇದೆ. 1997ರಲ್ಲಿ ಶುರುವಾದ, ನಮ್ಮ ದೇಶದ ಮೊದಮೊದಲ ಗೇಮ್ ಸಂಸ್ಥೆಗಳಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ ಅನ್ನು 2019ರಲ್ಲಿ ಅದು ಕೊಂಡುಕೊಂಡಿತು. ಇಷ್ಟು ದೊಡ್ಡ ಊರನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟುವ ಕೆಲಸಕ್ಕೆ ಜಗತ್ತಿನ ಹತ್ತು ಕಡೆಯ ಕೈಗಳು ಬೇಕು, ಆ ಕೈಗಳಲ್ಲಿ ನಮ್ಮವೂ ಇವೆ.

ಜಿಟಿಎ ಪೂರ್ತಿ ಹೊಸ ಅವತಾರ ಎತ್ತಬೇಕು ಅಂತ ನಾನು ಕೇಳುವುದಿಲ್ಲ. ಹದಿಮೂರು ವರ್ಷದ ಬಿಡುವೇ ಜನರ ಹಸಿವನ್ನು ವಾಪಸ್ ತಂದಿದೆ. ಪ್ರತಿ ವರ್ಷ ಆಟ ತರುವ ಕಂಪನಿಗಳು ಬದಲಾವಣೆ ಬೇಕು ಅಂತ ತಲೆಕೆಡಿಸಿಕೊಳ್ಳುವ ಬದಲು ಎರಡು ವರ್ಷ ಸುಮ್ಮನಿದ್ದರೆ ಅರ್ಧ ಸಮಸ್ಯೆ ಹೋಗುತ್ತದೆ. ಆದರೆ ಒಂದು ಜಾಗ ಮಾತ್ರ ಬದಲಾಗಲೇಬೇಕು. ಊರಿನಲ್ಲಿ ಏನು ಬೇಕಾದರೂ ಮಾಡು ಅನ್ನುವ ಆಟ, ಮಿಷನ್ ಶುರುವಾದ ತಕ್ಷಣ ಈ ಕಾರನ್ನೇ ಹತ್ತು, ಈ ರಸ್ತೆಯಲ್ಲೇ ಹೋಗು, ಆಚೆ ಹೋದರೆ ಸೋತೆ ಅನ್ನುತ್ತದೆ. 2018ರ ರೆಡ್ ಡೆಡ್ ರಿಡೆಂಪ್ಷನ್ 2 ಅಷ್ಟು ಸುಂದರವಾಗಿದ್ದೂ ಇದೇ ಕಟ್ಟುಪಾಡು ಇಟ್ಟುಕೊಂಡಿತ್ತು. ಜನ ಈ ಸರಣಿಗೆ ಬರುವುದೇ ಸ್ವಾತಂತ್ರ್ಯಕ್ಕೆ, ಆದರೆ ಕಥೆಯ ಒಳಗೆ ಅದು ಅಷ್ಟಾಗಿ ಸಿಕ್ಕಿಲ್ಲ. ಬ್ಯಾಂಕಿಗೆ ಮುಂಬಾಗಿಲಿಂದ ಹೋಗಬೇಕಾ, ಛಾವಣಿಯಿಂದ ಇಳಿಯಬೇಕಾ, ಹಿಂದಿನ ಗಲ್ಲಿಯಲ್ಲಿ ಲಾರಿ ನಿಲ್ಲಿಸಿ ಕಾಯಬೇಕಾ ಅಂತ ಈ ಸಲ ಆಡುವವನೇ ತೀರ್ಮಾನಿಸಲಿ.